ನಾಲ್ಕನೇ ಲೇನಿನ ಅಳತೆ

ಈಜುಕೊಳ ಅಳೆಯಲು ಒಬ್ಬರು ಬರುತ್ತಾರೆ ಎಂದು ಈಜು ಸಂಘದ ಕಾರ್ಯದರ್ಶಿ ಫೋನಿನಲ್ಲಿ ಹೇಳಿದ ರೀತಿಯೇ ಅವಳಿಗೆ ಸರಿಬರಲಿಲ್ಲ. ಎಷ್ಟು ಸಣ್ಣ ವಿಷಯವಾದರೂ ಎರಡು ಸಲ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಹೇಗಿದ್ದೀರಿ ಮೇಡಂ ಎಂದು ಶುರುಮಾಡುವ ಮನುಷ್ಯ ಅವನು. ಇವತ್ತು ಮಾತ್ರ, ಕೆಟ್ಟ ಬಲ್ಬು ಬದಲಾಯಿಸಲು ಯಾರನ್ನೋ ಕಳಿಸುತ್ತಿರುವವನ ಹಾಗೆ, "ಒಂಬತ್ತಕ್ಕೆ ಒಬ್ರು ಬರ್ತಾರೆ, ಕೊಳದ ಉದ್ದ ಅಳೀತಾರೆ, ಸುಮ್ನೆ ಒಂದು ಶಾಸ್ತ್ರ," ಎಂದುಬಿಟ್ಟ. ಮುಂದಿನ ವಾರ ತಂಡದ ಆಯ್ಕೆಯ ಸ್ಪರ್ಧೆ ಇಲ್ಲೇ ನಡೆಯುತ್ತದಂತೆ, ಅದಕ್ಕೆ ಕೊಳ ಐವತ್ತು ಮೀಟರ್ ಇದೆ ಎಂದು ಒಂದು ಕಾಗದ ಬೇಕಂತೆ. ಇಪ್ಪತ್ಮೂರು ವರ್ಷ ಯಾರೂ ಕೇಳದ ಕಾಗದ ಈಗೇಕೆ ಬೇಕಾಯಿತು ಎಂದು ಅವಳು ಕೇಳಲಿಲ್ಲ. ಕೇಳಿದರೆ, ಇವಳು ಯಾಕೆ ಕೇಳಿದಳು ಎಂದು ಅವನು ಯೋಚಿಸುತ್ತಾನೆ. "ಬರ್ಲಿ ಬಿಡಿ," ಎಂದಳು, ಅವನಿಗಿಂತ ಹಗುರವಾಗಿ. ಫೋನಿಟ್ಟ ಮೇಲೆ ಅಷ್ಟು ಹಗುರವಾಗಿ ಹೇಳಬಾರದಿತ್ತು ಅನ್ನಿಸಿತು.

ಎದುರಿಗೆ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಗಂಡ ತಲೆಯೆತ್ತದೆ, "ಯಾರದು ಫೋನು?" ಎಂದ.

"ಕೊಳದ್ದು."

"ಏನಂತೆ?"

"ಏನಿಲ್ಲ. ಯಾರೋ ಬರ್ತಾರಂತೆ."

"ಆ ನಿನ್ನ ಹುಡುಗಿ ಮುಂದಿನ ವಾರ ನಿನ್ನ ದಾಖಲೆ ಮುರೀತಾಳಂತಲ್ಲ."

"ಯಾರು ಹೇಳಿದ್ರು?"

"ಪೇಪರ್‌ನಲ್ಲಿತ್ತು."

"ಯಾವತ್ತಿನ ಪೇಪರು? ನಾನು ನೋಡ್ಲಿಲ್ಲ."

ಅವನು ಚಾಕು ಕೆಳಗಿಟ್ಟು ನಕ್ಕ. "ಒಳ್ಳೆ ಪೊಲೀಸ್‌ನೋರ ಥರ ಕೇಳ್ತೀಯಲ್ಲೇ. ಮುರಿದ್ರೆ ಮುರೀಲಿ. ನೀನೇ ತಾನೆ ಕಲಿಸಿದ್ದು."

ಮುರಿದರೆ ಮುರಿಯಲಿ. ಎಷ್ಟು ಸಲೀಸಾಗಿ ಬಂತು ಮಾತು. ಹೆಣ್ಣು ನೋಡಲು ಬಂದ ದಿನ ಇದೇ ಮನುಷ್ಯ ಅವಳ ಮುಖಕ್ಕಿಂತ ಹೆಚ್ಚಾಗಿ ಕಪಾಟಿನಲ್ಲಿದ್ದ ಪದಕಗಳನ್ನು ನೋಡಿದ್ದ. ದಾಖಲೆ ಆದ ದಿನ ನಾನೂ ಗ್ಯಾಲರಿಯಲ್ಲಿದ್ದೆ, ಕೂಗಿ ಕೂಗಿ ಗಂಟಲು ಕಟ್ಟಿತ್ತು ಎಂದು ನಾಚಿಕೊಂಡು ಹೇಳಿದ್ದ. ಈವತ್ತಿಗೂ ಮನೆಗೆ ಯಾರೇ ಬರಲಿ, ಕಾಫಿ ಬರುವ ಮೊದಲು ದಾಖಲೆ ಬರುತ್ತದೆ. ನಾಲ್ಕುನೂರು ಮೀಟರ್, ಎಂಟು ಉದ್ದ, ಇಪ್ಪತ್ಮೂರು ವರ್ಷದಿಂದ ಯಾರೂ ಮುಟ್ಟಿಲ್ಲ ನೋಡಿ. ಅದು ಸುಳ್ಳು ದಾಖಲೆ ಎಂದು ಗೊತ್ತಾದರೆ ಇವನು ಏನು ಮಾಡುತ್ತಾನೆ? ಒಳ್ಳೆಯವನು, ಒಂದು ಮಾತೂ ಆಡಲಾರ. ಆದರೆ ಮುಂದಿನ ಸಲ ನೆಂಟರು ಬಂದಾಗ ಕಾಫಿ ಮೊದಲು ಬರುತ್ತದೆ. ಆ ಒಂದು ಸಣ್ಣ ಬದಲಾವಣೆಯನ್ನು ತಾನು ಸಹಿಸಲಾರೆ ಎಂದು ಅವಳಿಗೆ ಖಂಡಿತವಾಗಿ ಗೊತ್ತಿತ್ತು. ತಟ್ಟೆಯನ್ನು ಸಿಂಕಿನಲ್ಲಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.

ಮನೆಯಿಂದ ಕೊಳಕ್ಕೆ ಸಾವಿರದ ನಾನೂರು ಹೆಜ್ಜೆ. ಎಣಿಸುವುದು ಅವಳಿಗೆ ಅಂಟಿಕೊಂಡ ಚಾಳಿ. ಮೆಟ್ಟಿಲು, ದೀಪದ ಕಂಬ, ಎದುರು ಕೂತವರು ಕಣ್ಣು ಮಿಟುಕಿಸುವುದು, ಎಲ್ಲಕ್ಕೂ ಲೆಕ್ಕ. ನೀರಿನೊಳಗೆ ನೋಡಲು ತಳದ ಕಪ್ಪು ಪಟ್ಟಿಯೊಂದೇ, ಕೇಳಲು ತನ್ನ ಉಸಿರೊಂದೇ, ಇನ್ನು ಮನಸ್ಸಿಗೆ ಉಳಿಯುವ ಕೆಲಸ ಎಣಿಕೆ. ಶಾಲೆಯ ಡ್ರಿಲ್ ಮೇಷ್ಟ್ರು ಒಂಬತ್ತು ವರ್ಷದವಳನ್ನು ನೀರಿಗಿಳಿಸಿದ ಮೊದಲ ತಿಂಗಳೇ ಅದನ್ನು ಕಲಿಸಿದ್ದರು. ಅವರು ಸ್ಟ್ರೋಕ್ ಅನ್ನುತ್ತಿರಲಿಲ್ಲ, ಕೈ ಅನ್ನುತ್ತಿದ್ದರು. ಈ ತುದಿಯಿಂದ ಆ ತುದಿಗೆ ಎಷ್ಟು ಕೈ? ಗಡಿಯಾರ ಹಿಡಿಯುವವನು ತಪ್ಪಬಹುದು ಮಗು, ನಿನ್ನ ಕೈ ನಿನಗೆ ಸುಳ್ಳು ಹೇಳಲ್ಲ. ಹದಿನೆಂಟು ತುಂಬುವಷ್ಟರಲ್ಲಿ ಅವಳ ಲೆಕ್ಕ ನಿಂತುಹೋಗಿತ್ತು: ಒಂದು ಉದ್ದಕ್ಕೆ ನಲವತ್ನಾಲ್ಕು ಕೈ. ಅದರಲ್ಲೂ ನಲವತ್ತಮೂರು ಪೂರ್ತಿ ಕೈ, ಕೊನೆಯದು ಬರೀ ಮುಟ್ಟುವ ಕೈ, ಒಂದು ಗೇಣಿನಷ್ಟು ಚಾಚಿದರೆ ಗೋಡೆ ಸಿಗುತ್ತಿತ್ತು. ಯಾವ ಊರಿನ ಕೊಳಕ್ಕೆ ಹೋದರೂ ಅಷ್ಟೇ. ಆಮೇಲೆ ಒಂದು ಚಳಿಗಾಲ ಇಲ್ಲಿಯ ಕೊಳದ ಆಳದ ಕಡೆಯ ಗೋಡೆ ಬಿರುಕು ಬಿಟ್ಟು ನೀರೆಲ್ಲ ಖಾಲಿ ಮಾಡಿದರು. ಎರಡು ತಿಂಗಳು ಗೇಟಿಗೆ ಬೀಗ. ಒಂದು ದಿನ ಕಾಂಪೌಂಡಿನ ಆಚೆ ತುದಿಗಾಲಲ್ಲಿ ನಿಂತು ಇಣುಕಿದಾಗ ಹಳೆಯ ಗೋಡೆಯ ಮುಂದೆ ಇನ್ನೊಂದು ಇಟ್ಟಿಗೆಯ ಸಾಲು ಎದ್ದು ನಿಂತಿದ್ದನ್ನು ಅವಳು ಕಣ್ಣಾರೆ ಕಂಡಳು. ನೀರು ತುಂಬಿ, ಎರಡೂ ತುದಿಗೆ ಹೊಸ ಟೈಲು ಹಾಕಿ, ಕೊಳ ತೆರೆದ ಮೊದಲ ದಿನ ಈಜಿದಳು. ನಲವತ್ತಮೂರು. ಮರುದಿನವೂ ನಲವತ್ತಮೂರು. ಮುಟ್ಟುವ ಕೈಗೆ ಜಾಗವೇ ಇರಲಿಲ್ಲ. ಮೂರು ತಿಂಗಳು ಕಳೆದು ಅದೇ ನೀರಿನಲ್ಲಿ, ನಾಲ್ಕನೇ ಲೇನಿನಲ್ಲಿ, ಹಳೆಯ ದಾಖಲೆಯನ್ನು ಒಂದು ಸೆಕೆಂಡಿನಿಂದ ಮುರಿದಳು. ಒಂದು ಗೇಣಿನ ಹಾಗೆ ಎಂಟು ಉದ್ದಕ್ಕೆ ಎಂಟು ಗೇಣು, ಹೆಚ್ಚುಕಮ್ಮಿ ಒಂದು ಆಳಿನುದ್ದ ನೀರು. ಅದನ್ನು ಈಜಲು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚೇ ಬೇಕು. ಈ ಗುಣಾಕಾರವನ್ನು ಅವಳು ಎಷ್ಟು ಸಲ ಮಾಡಿದ್ದಳೆಂದರೆ ಈಗ ಅದು ಮಾಡದೆಯೇ ಆಗುತ್ತಿತ್ತು.

ಕೊಳದ ಹಜಾರದಲ್ಲಿ ಗಾಜಿನ ಚೌಕಟ್ಟಿನೊಳಗೆ ಅವಳ ಫೋಟೋ. ಇಪ್ಪತ್ತರ ಹುಡುಗಿ, ಟೋಪಿ ಕಿತ್ತು ಕೈಯಲ್ಲಿ ಹಿಡಿದು, ಕ್ಯಾಮೆರಾ ಬಿಟ್ಟು ಬೇರೆಲ್ಲೋ ನೋಡುತ್ತಿದ್ದಾಳೆ. ಹೋದ ವಾರ ಮಗುವನ್ನು ಸೇರಿಸಲು ಬಂದ ಹೆಂಗಸೊಬ್ಬಳು ಫೋಟೋದ ಕೆಳಗಿನ ಬರಹವನ್ನು ಜೋರಾಗಿ ಓದಿ, ಪಕ್ಕದಲ್ಲೇ ನಿಂತಿದ್ದ ಇವಳನ್ನು, "ಇವ್ರು ಈಗ ಎಲ್ಲಿದ್ದಾರೆ?" ಎಂದು ಕೇಳಿದ್ದಳು. ಗೊತ್ತಿಲ್ಲ ಅಂದಿದ್ದಳು ಇವಳು. ಆ ಹೆಂಗಸು ಅದಕ್ಕೆ ತಲೆಯಾಡಿಸಿ, ಹಾಗಾದ್ರೆ ಟವೆಲ್ ಎಲ್ಲಿ ಕೊಡ್ತಾರೆ ಎಂದು ಕೇಳಿದಳು. ಆಗ ಮೈ ಉರಿದಿತ್ತು. ಇವತ್ತು ಅದೇ ಫೋಟೋದ ಮುಂದೆ ನಿಂತಾಗ, ಈ ಹುಡುಗಿ ಕ್ಯಾಮೆರಾ ನೋಡದೆ ಇರಲು ಕಾರಣವಿದೆ, ಕಣ್ಣಿಟ್ಟು ನೋಡಿದವರಿಗೆ ಯಾರಿಗಾದರೂ ಗೊತ್ತಾಗುತ್ತದೆ ಅನ್ನಿಸಿತು. ಈ ಫೋಟೋದಿಂದ ಈ ಕೆಲಸ ಬಂತು, ಸಿಳ್ಳೆ, ಕುರ್ಚಿ, ಬಾಗಿಲ ಮೇಲೆ ಮುಖ್ಯ ತರಬೇತುದಾರರು ಎಂಬ ಹಲಗೆ. ಗಂಡನೂ ಈ ಫೋಟೋದಿಂದಲೇ ಬಂದ. ಗೋಡೆಯಿಂದ ಇದನ್ನು ಇಳಿಸಿದರೆ ಉಳಿಯುವುದು ಭುಜ ನೋವಿನ ನಲವತ್ಮೂರು ವರ್ಷದ ಹೆಂಗಸು. ಅವಳಿಗೆ ಹೆದರಿಕೆಯಾಯಿತು. ಚೌಕಟ್ಟಿನ ಮೊಳೆಗೆ ಯಾರೋ ಬೀಗದ ಕೈ ಗೊಂಚಲು ನೇತುಹಾಕಿದ್ದರು, ಅದನ್ನು ತೆಗೆದು ಮೇಜಿನ ಮೇಲಿಟ್ಟಳು.

ಹುಡುಗಿ ಆಗಲೇ ನೀರಿನಲ್ಲಿದ್ದಳು. ಹದಿನೇಳು ವರ್ಷ, ಅಗಲ ಭುಜ, ಬೆನ್ನಿನ ಮೇಲೆ ಈಜುಡುಗೆಯ ಪಟ್ಟಿ ಉಜ್ಜಿ ಉಜ್ಜಿ ಆದ ಕಪ್ಪು ಗುರುತು. ಆರು ವರ್ಷದವಳಿದ್ದಾಗ ಅಳುತ್ತಾ ಬಂದವಳು. ಹೋದ ತಿಂಗಳು ಬೇರೆ ಊರಿನ ದೊಡ್ಡ ಸ್ಪರ್ಧೆಯಲ್ಲಿ ಇವಳ ದಾಖಲೆಗಿಂತ ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಹಿಂದೆ ಬಿದ್ದು, ತಂಡದಲ್ಲಿ ಜಾಗ ತಪ್ಪಿ, ಬಸ್ಸಿನಲ್ಲಿ ಇಡೀ ದಾರಿ ಕಿಟಕಿಯ ಕಡೆ ತಿರುಗಿ ಕೂತು ಬಂದಿದ್ದಳು. ದಾಖಲೆ ಮುರಿದವರಿಗೆ ನೇರ ಪ್ರವೇಶ ಎಂಬುದು ನಿಯಮ. ಪಕ್ಕದಲ್ಲಿ ಕೂತ ಇವಳು ಸಮಾಧಾನದ ಮಾತು ಹುಡುಕುತ್ತಾ, ಹುಡುಕುತ್ತಿರುವಾಗಲೇ, ಒಂದು ಸೆಕೆಂಡಿನಲ್ಲಿ ಮೂರು ಪಾಲು ಕಳೆದು ನೋಡಿ, ನೀನು ಸೋತಿಲ್ಲ ಕಣೇ, ಮೋಸಹೋಗಿದ್ದೀಯ, ಎಂದು ಮನಸ್ಸಿನಲ್ಲೇ ಹೇಳಿದ್ದಳು. ಬಾಯಲ್ಲಿ ಹೇಳಿದ್ದು, ಮುಂದಿನ ಸಲ ಆಗುತ್ತೆ ಬಿಡು ಅಂತ. ಆ ರಾತ್ರಿ ಮಾತ್ರವಲ್ಲ, ಆಮೇಲೆ ಒಂದು ವಾರ ಇವಳಿಗೆ ಊಟ ಸೇರಲಿಲ್ಲ.

ಹುಡುಗಿ ಗೋಡೆ ಮುಟ್ಟಿ ಕನ್ನಡಕ ಹಣೆಗೇರಿಸಿದಳು. "ಅಕ್ಕ, ಒಂದ್ ಮಾತು ಕೇಳ್ಲಾ?"

"ಕೇಳು."

"ಹೋದ ತಿಂಗಳು ಅಲ್ಲಿ ನಂಗೆ ಪ್ರತಿ ಉದ್ದಕ್ಕೂ ಒಂದು ಕೈ ಜಾಸ್ತಿ ಬಂತು. ಇಲ್ಲಿ ಕಮ್ಮಿ ಬರುತ್ತೆ. ಯಾಕಂದ್ರೆ ಇಲ್ಲಿ..."

"ಎಣ್ಸೋದು ಬಿಟ್ಟು ಈಜೋದು ಕಲಿ ಮೊದ್ಲು. ನಿನ್ನ ಲೆಕ್ಕ ಯಾರೂ ಕೇಳ್ಲಿಲ್ಲ. ಇನ್ನೊಬ್ರ ಮುಂದೆ ಹೇಳ್ಕೊಂಡ್ ತಿರುಗ್ಬೇಡ."

"ನೀವೇ ಎಣ್ಸು ಅಂದಿದ್ದು."

"ಈಗ ಬೇಡ ಅಂತಿದೀನಿ."

ಹುಡುಗಿ ಕ್ಷಣ ನೋಡಿ, ಕನ್ನಡಕ ಇಳಿಸಿಕೊಂಡು, ನೀರಿಗೆ ಮುಖ ಕೊಟ್ಟಳು. ಆ ನೋಟದಲ್ಲಿ ಏನಿತ್ತು? ಬೇಸರವೇ, ಇಲ್ಲ ತಾನು ಸಿಕ್ಕಿಬಿದ್ದೆ ಎಂಬ ಅಳುಕೇ? ಬೆಂಚಿನ ಮೇಲೆ ಟವೆಲಿನಡಿ ಅವಳ ಫೋನು ಬೋರಲು ಬಿದ್ದಿತ್ತು. ಬೋರಲು ಯಾಕೆ? ಒಂದು ಕೈ ಕಡಿಮೆ ಎಂದು ಹುಡುಗಿಗೆ ಗೊತ್ತು. ಬುದ್ಧಿವಂತೆ, ಗಣಿತದಲ್ಲಿ ಕ್ಲಾಸಿಗೇ ಮೊದಲು, ಗುಣಾಕಾರ ಮಾಡಿಯೇ ಇರುತ್ತಾಳೆ. ಕೊಳ ಚಿಕ್ಕದೆಂದು ಸಾಬೀತಾದರೆ ಇಲ್ಲಿ ಆದ ದಾಖಲೆ ಅಳಿಸಿಹೋಗುತ್ತದೆ. ಅದು ಅಳಿಸಿದರೆ ಹೋದ ತಿಂಗಳ ಅವಳ ಟೈಮೇ ಎಲ್ಲಕ್ಕಿಂತ ಮೇಲೆ. ಮುಂದಿನ ವಾರ ಈಜುವುದೇ ಬೇಡ, ಮನೆಯಲ್ಲಿ ಕೂತೇ ತಂಡ ಸೇರಬಹುದು. ಕಾರ್ಯದರ್ಶಿಗೆ ಬರೆದಿರುವುದು ಈ ಹುಡುಗಿಯೇ. ಅಥವಾ ಅವಳ ಅಪ್ಪ. ಆ ಅಪ್ಪ ಪ್ರತಿ ಶನಿವಾರ ಬಂದು ಗೋಡೆಗೊರಗಿ ಸುಮ್ಮನೆ ನಿಂತಿರುತ್ತಾನೆ, ಮಾತೇ ಆಡುವುದಿಲ್ಲ, ಅಷ್ಟು ಹೊತ್ತು ಏನು ನೋಡುತ್ತಾನೆ? ಹನ್ನೊಂದು ವರ್ಷ ಸಾಕಿ ಸಲಹಿದ ಹಾಗೆ ಕಲಿಸಿದ್ದಕ್ಕೆ ಸಿಕ್ಕಿದ್ದು ಇದು ಎಂದು ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಕೆಳಗೇ, ಅವಳು ಬರೆದಿದ್ದರೆ ಸರಿಯಾದ್ದನ್ನೇ ಬರೆದಿದ್ದಾಳೆ ಎಂಬ ನಾಚಿಕೆಯೂ ಇತ್ತು.

ಅಳತೆಯವನು ಒಂಬತ್ತೂವರೆಗೆ ಬಂದ. ಐವತ್ತು ದಾಟಿದ, ಮಂಡಿ ಹಿಡಿದುಕೊಂಡು ನಡೆಯುವ ಮನುಷ್ಯ. ಕೈಯಲ್ಲಿ ಚರ್ಮದ ಚೀಲ, ಅದರಲ್ಲಿ ಸುರುಳಿ ಸುತ್ತಿದ ಉಕ್ಕಿನ ಟೇಪು. ಹಜಾರದಲ್ಲಿ ಫೋಟೋ ನೋಡಿ, ಇವಳನ್ನು ನೋಡಿ, "ನೀವೇ ಅಲ್ವಾ ಮೇಡಂ? ನನ್ನ ತಂಗಿ ನಿಮ್ಮ ಚಿತ್ರಾನ ಪೇಪರಿಂದ ಕತ್ತರಿಸಿ ಪುಸ್ತಕಕ್ಕೆ ಅಂಟಿಸ್ಕೊಂಡಿದ್ಲು," ಎಂದ. ಬಂದವನೇ ಹೊಗಳುತ್ತಾನೆ ಎಂದುಕೊಂಡಳು. ಗುರುತು ಸಿಕ್ಕಿದ್ದಕ್ಕೆ ಒಳಗೊಳಗೇ ಖುಷಿಯಾಗಿದ್ದೂ ನಿಜ, ಅದಕ್ಕೆ ತನ್ನ ಮೇಲೇ ಬೇಜಾರಾಯಿತು.

"ಮೆಷಿನ್ ತರ್ಲಿಲ್ವಾ?"

"ರಿಪೇರಿಗೆ ಹೋಗಿದೆ ಮೇಡಂ. ಟೇಪು ಮೆಷಿನ್‌ಗಿಂತ ನಿಯತ್ತಿಂದು, ಚಿಂತೆ ಮಾಡ್ಬೇಡಿ. ಒಂದೇ ತೊಂದ್ರೆ, ನನ್ನ ಜೊತೆಯವನಿಗೆ ಜ್ವರ. ಆಳದ ಕಡೆ ಒಬ್ರು ನೀರಿಗಿಳಿದು ತುದಿ ಹಿಡೀಬೇಕು. ನಂಗೆ ಈಜು ಬರಲ್ಲ."

"ಕೊಳ ಅಳೆಯೋರಿಗೆ ಈಜು ಬರಲ್ವಾ?"

"ಮೂವತ್ತು ಕೊಳ ಅಳೆದಿದ್ದೀನಿ, ಒಂದ್ರಲ್ಲೂ ಕಾಲು ಒದ್ದೆ ಮಾಡ್ಕೊಂಡಿಲ್ಲ," ಎಂದು ಅವನು ನಕ್ಕ.

ಅವಳು ಸಿಳ್ಳೆಯ ದಾರವನ್ನು ಬೆರಳಿಗೆ ಸುತ್ತುತ್ತಾ, ಕೇಳಬಾರದು ಅಂದುಕೊಂಡಿದ್ದನ್ನೇ ಕೇಳಿದಳು. "ಕಮ್ಮಿ ಬಂದ್ರೆ ಏನ್ ಮಾಡ್ತಾರೆ?"

"ಕಮ್ಮಿ ಬಂದ್ರೆ ಕಷ್ಟ. ಇಲ್ಲಿ ಆದ ದಾಖಲೆ ಎಲ್ಲಾ ತೆಗೆದು ಹಾಕ್ತಾರೆ. ಜಾಸ್ತಿ ಬಂದ್ರೆ ದಾಖಲೆಗೇನೂ ಆಗಲ್ಲ, ಈಜೋರ ಕೈ ನೋಯುತ್ತೆ ಅಷ್ಟೆ. ಯಾಕೆ ಮೇಡಂ, ಏನಾದ್ರೂ ಅನುಮಾನ ಇದ್ಯಾ?"

"ನಂಗ್ಯಾಕೆ ಅನುಮಾನ? ತುದಿ ನಾನೇ ಹಿಡೀತೀನಿ ಬಿಡಿ," ಎಂದಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಈಜುಡುಗೆ ಹಾಕಿಕೊಳ್ಳುವಾಗ ಎಡಭುಜ ಎಂದಿನಂತೆ ಅರ್ಧಕ್ಕೆ ನಿಂತಿತು, ಬಲಗೈಯಿಂದ ಎತ್ತಿ ಪಟ್ಟಿಯೊಳಗೆ ತೂರಿಸಬೇಕಾಯಿತು. ಆವತ್ತು ಇದೇ ಕೋಣೆಯ ಇದೇ ಬೆಂಚಿನ ಮೇಲೆ ಕೂತು ನಡುಗುತ್ತಿದ್ದಳು. ಹೊರಗೆ ಗ್ಯಾಲರಿ ಇನ್ನೂ ಕೂಗುತ್ತಿತ್ತು, ಅಮ್ಮ ತಲೆ ಒರೆಸುತ್ತಾ ಅಳುತ್ತಿದ್ದಳು, ಮೇಷ್ಟ್ರು ಬಾಗಿಲ ಹೊರಗೆ ನಿಂತು, ಮಗು, ಹೊರಗೆ ಬಾ, ಫೋಟೋದವರು ಕಾಯ್ತಿದ್ದಾರೆ ಎಂದು ಕರೆಯುತ್ತಿದ್ದರು. ಹೊರಗೆ ಬಂದವಳೇ ಅವರ ಕಿವಿಯ ಹತ್ತಿರ ಹೋಗಿ, ಮೇಷ್ಟ್ರೇ, ಇವತ್ತೂ ಎಂಟಕ್ಕೆ ಎಂಟು ಉದ್ದವೂ ನಲವತ್ತಮೂರೇ ಬಂತು ಎಂದಳು. ಅವರ ಮುಖದ ನಗು ಹಾಗೇ ಇತ್ತು, ಕಣ್ಣು ಮಾತ್ರ ಆಚೆ ಈಚೆ ಹೋಗಿ ಬಂತು. "ಸುಮ್ನಿರು, ಯಾರ ಹತ್ರಾನೂ ಹೇಳ್ಬೇಡ." ಅಷ್ಟೇ. ಆಗಲೇ ಕ್ಯಾಮೆರಾದ ಬೆಳಕು ಬಿತ್ತು. ಯಾರ ಹತ್ತಿರವೂ ಹೇಳಬೇಡ ಎಂದರೆ ಅವರಿಗೆ ಗೊತ್ತಿತ್ತು ಎಂದಲ್ಲದೆ ಇನ್ನೇನು? ಆರು ತಿಂಗಳ ನಂತರ ಹೊರದೇಶದಲ್ಲಿ ಸ್ಪರ್ಧೆ. ಅಲ್ಲಿಯ ನೀರು ತಣ್ಣಗಿತ್ತು, ನಲವತ್ನಾಲ್ಕು ಬಂತು, ನಲವತ್ತೈದು ಬಂತು, ತನ್ನದೇ ಟೈಮಿಗಿಂತ ಎರಡು ಸೆಕೆಂಡು ಹಿಂದೆ, ಎಂಟು ಜನರಲ್ಲಿ ಏಳನೆಯವಳು. ಹೊಸ ನೀರು, ಹೊಸ ಜಾಗ, ಎರಡು ದಿನದಿಂದ ಜ್ವರ ಬೇರೆ ಎಂದು ಎಲ್ಲರೂ ಹೇಳಿದರು. ಅವಳಿಗೆ ಮಾತ್ರ ಇದೇ ನನ್ನ ನಿಜವಾದ ಬೆಲೆ ಅನ್ನಿಸಿತು. ಅಲ್ಲಿಂದ ಮುಂದೆ ಯಾವ ಸ್ಪರ್ಧೆಯಲ್ಲೂ ಅವಳು ಗೆಲ್ಲಲು ಈಜಲಿಲ್ಲ, ಸಿಕ್ಕಿಬೀಳದಿರಲು ಈಜಿದಳು. ಇಪ್ಪತ್ನಾಲ್ಕಕ್ಕೆ ಭುಜದ ನೆಪ ಹೇಳಿ ಬಿಟ್ಟಳು.

ಮೇಷ್ಟ್ರ ಮನೆಗೆ ಹೋಗುವುದನ್ನೂ ಬಿಟ್ಟಳು. ಕೊನೆಗಾಲದಲ್ಲಿ ಅವರ ಹೆಂಡತಿ ಎರಡು ಸಲ ಫೋನು ಮಾಡಿ, ನಿನ್ನನ್ನೇ ಕೇಳ್ತಿರ್ತಾರಮ್ಮ, ಒಂದ್ಸಲ ಬಂದು ಮುಖ ತೋರಿಸಿ ಹೋಗು ಎಂದರು. ಹೋದರೆ ಅವರು ಹಾಸಿಗೆಯಲ್ಲಿ ಮಲಗಿಕೊಂಡೇ, ಆ ಗೋಡೆ ಕಟ್ಟಿಸಿದ್ದು ನಾನೇ ಮಗು ಎಂದು ಹೇಳಿಬಿಟ್ಟರೆ? ಹೇಳಿದರೆ ಆಮೇಲೆ ಅದು ಅನುಮಾನವಾಗಿ ಉಳಿಯುವುದಿಲ್ಲ. ಅನುಮಾನದ ಜೊತೆ ಬದುಕಬಹುದು, ಅವಳು ಬದುಕಿ ತೋರಿಸಿದ್ದಾಳೆ. ಈ ವಾರ, ಮುಂದಿನ ವಾರ ಎನ್ನುತ್ತಲೇ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋದಾಗ ಅವರ ಹೆಂಡತಿ ಇವಳ ಕಡೆ ನೋಡಲೇ ಇಲ್ಲ. ಆಕೆ ಗುರುತು ಹಿಡಿಯಲಿಲ್ಲವೋ, ಬೇಕೆಂದೇ ನೋಡಲಿಲ್ಲವೋ, ಈಗಲೂ ಅವಳಿಗೆ ಬಗೆಹರಿದಿಲ್ಲ.

"ಮಧ್ಯದ ಲೇನಿಂದ ಶುರು ಮಾಡೋಣ," ಎಂದ ಅಳತೆಯವನು. ಮಧ್ಯದ ಲೇನು ಎಂದರೆ ನಾಲ್ಕನೆಯದು. ಅದೇ ಯಾಕೆ ಎಂದು ಕೇಳುವ ಬಾಯನ್ನು ಹಲ್ಲು ಕಚ್ಚಿ ತಡೆದುಕೊಂಡಳು. ಆಳದ ತುದಿಯಲ್ಲಿ ಅವಳು ನೀರಿಗಿಳಿದಳು. ಅವನು ಟೇಪಿನ ತುದಿಯ ಉಂಗುರವನ್ನು ಅವಳ ಕೈಗೆ ಕೊಟ್ಟು, ಸುರುಳಿ ಬಿಚ್ಚುತ್ತಾ ದಡದ ಮೇಲೆ ನಡೆದುಕೊಂಡು ಆಚೆ ತುದಿಗೆ ಹೋದ. ಟೇಪು ನಡುವೆ ಜೋಲದಂತೆ ಹುಡುಗಿ ಕೊಳದ ಮಧ್ಯೆ ಅದನ್ನು ತೇಲುಹಲಗೆಯ ಮೇಲಿಟ್ಟು ಹಿಡಿದುಕೊಂಡಳು. "ಸೊನ್ನೆ ಟೈಲಿಗೆ ಮುಟ್ಟಿರ್ಬೇಕು ಮೇಡಂ, ಗೋಡೆಯ ಮುಖಕ್ಕೆ," ಎಂದು ಆಚೆಯಿಂದ ಕೂಗಿದ. ಸೊನ್ನೆಯನ್ನು ಟೈಲಿಗೊತ್ತಿ ಹಿಡಿದಳು. ಕಾಲು ಗೋಡೆಗೆ ಊರಿದ್ದಳು. ಕೆಳಗಿನ ಟೈಲುಗಳಿಗೆ ಗೀರು ಗೀರಾಗಿ ಏಣುಗಳಿದ್ದವು, ಇಪ್ಪತ್ಮೂರು ವರ್ಷದ ಮೇಲೂ ಕಾಲು ಒಂದಿಷ್ಟೂ ಜಾರುತ್ತಿರಲಿಲ್ಲ. ಬೇರೆ ಕೊಳಗಳಲ್ಲಿ ಒದ್ದು ಹೊರಡುವಾಗ ಪಾದ ಜಾರಿ ಅರ್ಧ ಬಲ ನೀರಿಗೇ ಹೋಗುತ್ತಿತ್ತು. ಅದನ್ನು ಪಾದ ನೆನಪಿಸಿತು. ಆಗ ಅವಳಿಗೆ ಪಾದದ ಮಾತು ಕೇಳುವ ವ್ಯವಧಾನವಿರಲಿಲ್ಲ.

ಅವಳ ಮುಖದ ಎದುರಿಗೇ, ನೀರಿನ ಮಟ್ಟಕ್ಕೆ ಸರಿಯಾಗಿ, ಗೋಡೆಯೊಳಗೆ ಕೊರೆದ ಕಾಲುವೆಯಿತ್ತು. ಅಲೆ ಎದ್ದಾಗ ಉಕ್ಕಿದ ನೀರು ಅದರೊಳಗೆ ಬಿದ್ದು ಹೋಗಲೆಂದು ಮಾಡಿದ್ದು. ಒಂದು ಗೇಣು ಆಳ. ಟೇಪಿನ ತುದಿಯನ್ನು ಅದರೊಳಗೆ ತೂರಿಸಿದರೆ ಆಚೆ ತುದಿಯಲ್ಲಿ ನಿಂತವನಿಗೆ ಕಾಣುವುದಿಲ್ಲ. ಕಡಿಮೆ ಬಿದ್ದ ಒಂದು ಗೇಣಿಗೆ ಒಂದು ಗೇಣು, ಸರಿಯಾಗಿ ಐವತ್ತು. ಕಾಗದ ಸಿಗುತ್ತದೆ, ಮುಂದಿನ ವಾರ ಹುಡುಗಿಗೆ ಇನ್ನೊಂದು ಅವಕಾಶ ಸಿಗುತ್ತದೆ, ಇದೇ ಮೋಸದ ನೀರಿನಲ್ಲಿ ಅವಳೂ ದಾಖಲೆ ಮುರಿಯುತ್ತಾಳೆ, ಯಾರಿಗೂ ನಷ್ಟವಿಲ್ಲ. ಹೀಗೆ ಒಳ್ಳೆಯವಳ ಹಾಗೆ ಯೋಚಿಸುತ್ತಿರುವಾಗಲೇ, ಹುಡುಗಿಗೆ ಅವಕಾಶ ಬೇಕಿಲ್ಲ, ಅವಳು ಹೋದ ತಿಂಗಳೇ ಗೆದ್ದಾಗಿದೆ ಎಂಬುದೂ ಅವಳಿಗೆ ಗೊತ್ತಿತ್ತು. ಟೈಲಿನ ಮೇಲೆ ಸೊನ್ನೆ ಒತ್ತಿ ಹಿಡಿದ ಹೆಬ್ಬೆರಳು ಬೆಳ್ಳಗಾಗಿತ್ತು. ಈಗ ಸುಮ್ಮನೆ ಹೀಗೇ ಹಿಡಿದುಕೊಂಡಿದ್ದರೆ ಸಾಕು, ಇನ್ನು ಎರಡು ನಿಮಿಷದಲ್ಲಿ ಎಲ್ಲಾ ಮುಗಿದುಹೋಗುತ್ತದೆ, ಹಗುರಾಗಿಬಿಡುತ್ತೇನೆ ಅನ್ನಿಸಿತು. ಮರುಗಳಿಗೆಯಲ್ಲೇ ಹಜಾರದ ಗೋಡೆಯಲ್ಲಿ ಚೌಕಟ್ಟು ಇಳಿಸಿದ ಬಿಳಿಯ ಜಾಗ ಕಣ್ಣಿಗೆ ಕಟ್ಟಿತು.

"ಸ್ವಲ್ಪ ಸಡಿಲ ಬಿಡಿ," ಎಂದು ಕೂಗಿದಳು. ಅವನು ಬಿಟ್ಟ. ಕೈ ತಾನಾಗಿ ಹೋಯಿತು ಎಂದು ಆಮೇಲೆ ಹೇಳಿಕೊಳ್ಳುವಂತಿರಲಿಲ್ಲ. ಕಣ್ಣು ಬಿಟ್ಟು ನೋಡುತ್ತಲೇ ತುದಿಯನ್ನು ಕಾಲುವೆಯೊಳಗೆ ಹಿಂದಿನ ಗೋಡೆಗೆ ತಾಗುವವರೆಗೆ ತೂರಿಸಿ, ಒತ್ತಿ ಹಿಡಿದಳು. "ಈಗ ಎಳೀರಿ."

ಟೇಪು ಬಿಗಿಯಾಯಿತು. ಅವನು ದಡದ ಮೇಲೆ ಬೋರಲಾಗಿ ಮಲಗಿ, ಕನ್ನಡಕ ಮೂಗಿನ ತುದಿಗೆ ತಂದುಕೊಂಡು ಓದಿದ. ಎದ್ದು ಕೂತ. ಮತ್ತೆ ಮಲಗಿ ಓದಿದ.

"ಮೇಡಂ, ಐವತ್ತರ ಮೇಲೆ ಇಪ್ಪತ್ತೈದು ಸೆಂಟಿಮೀಟರ್ ಬರ್ತಿದೆ. ಕಾಲು ಮೀಟರ್ ಜಾಸ್ತಿ."

ಇವನು ಸುಳ್ಳು ಹೇಳುತ್ತಿದ್ದಾನೆ ಎಂಬುದು ಅವಳಿಗೆ ಬಂದ ಮೊದಲ ಯೋಚನೆ. ಯಾರೋ ಹೇಳಿಕೊಟ್ಟಿದ್ದಾರೆ, ಕಾರ್ಯದರ್ಶಿ ಇರಬೇಕು. ಆದರೆ ಕಾಲುವೆಯ ವಿಷಯ ಅವನಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ತನ್ನ ಬದುಕಿನಲ್ಲಿ ಬೇರೆಯವರು ಯಾರೂ ಕೈಯಾಡಿಸಲು ಸಾಧ್ಯವಿಲ್ಲದ ಒಂದೇ ಒಂದು ಲೆಕ್ಕವಿದ್ದರೆ ಅದು ಇದು, ಯಾಕೆಂದರೆ ಇದರಲ್ಲಿ ಕೈಯಾಡಿಸಿದ್ದು ಅವಳೇ. ಐವತ್ತರ ಮೇಲೆ ಇಪ್ಪತ್ತೈದರಲ್ಲಿ ಒಂದು ಗೇಣು ಕಳೆದರೆ ಐವತ್ತು. ಎರಡು ಸಲ ಕಳೆದು ನೋಡಿದಳು. ಆ ಇಟ್ಟಿಗೆಯ ಸಾಲು ಕೆಲಸದ ಹೊತ್ತಿನ ಆಸರೆಯಷ್ಟೇ ಇರಬೇಕು, ಹಳೆಯ ಗೋಡೆಯನ್ನು ಒಡೆದು ತೆಗೆದು, ಆ ಜಾಗಕ್ಕೇ ಹೊಸದನ್ನು ಕೂರಿಸಿದ್ದರು. ಆವತ್ತು ಕಾಂಪೌಂಡಿನಿಂದ ಇಣುಕಿದವಳು ಕೆಲಸ ಮುಗಿಯುವವರೆಗೂ ನಿಂತು ನೋಡಿರಲಿಲ್ಲ, ಅಷ್ಟೇ. ಕಡಿಮೆಯಾದ ಆ ಒಂದು ಕೈ, ಪಾದ ಹೇಳಿದಂತೆ, ಕಾಲು ಜಾರದ ಈ ಟೈಲುಗಳದ್ದು. ಯಾರ ಹತ್ತಿರವೂ ಹೇಳಬೇಡ ಎಂದ ಮೇಷ್ಟ್ರು, ಎದು­ರಾಳಿಗಳಿಗೆ ಕೈಯ ಲೆಕ್ಕ ಬಿಟ್ಟುಕೊಡಬೇಡ ಎಂದು ಎಲ್ಲ ಮೇಷ್ಟ್ರುಗಳೂ ಹೇಳುವುದನ್ನೇ ಹೇಳಿದ್ದರು. ಇವತ್ತು ಬೆಳಿಗ್ಗೆ ತಾನೂ ಹುಡುಗಿಗೆ ಹೆಚ್ಚುಕಮ್ಮಿ ಅದನ್ನೇ ಹೇಳಿದ್ದಳು. ಆ ಒಂದು ಸೆಕೆಂಡು ಅವಳದೇ ಆಗಿತ್ತು. ಎಂಟು ಉದ್ದವೂ ಅವಳವೇ. ಸಂತೋಷ ಬರಲಿ ಎಂದು ಕಾದಳು. ಬರಲಿಲ್ಲ. ಇಪ್ಪತ್ಮೂರು ವರ್ಷ ಅವಳು ಯಾವ ತಪ್ಪನ್ನೂ ಮಾಡಿರಲಿಲ್ಲ, ಮಾಡಿ ಇನ್ನೂ ಎರಡು ನಿಮಿಷವಾಗಿರಲಿಲ್ಲ.

"ಸರಿಯಾಗಿ ಹಿಡಿದಿದ್ದೀರಾ ಮೇಡಂ? ಮೂವತ್ತು ಕೊಳದಲ್ಲಿ ಇಷ್ಟು ವ್ಯತ್ಯಾಸ ನೋಡಿಲ್ಲ. ಇಷ್ಟೊಂದು ಜಾಸ್ತಿ ಅಂತ ಬರೆದ್ರೆ ಮುಂದಿನ ವಾರದ ಸ್ಪರ್ಧೆ ಇಲ್ಲಿ ಮಾಡೋಕೆ ಬಿಡಲ್ಲ."

"ಹಿಡಿದಿದ್ದೀನಲ್ಲ," ಎಂದಳು. ಕೈಯನ್ನು ಹೊರತೆಗೆದು ಸೊನ್ನೆಯನ್ನು ಟೈಲಿಗೆ ಇಡಬೇಕೆಂದು ಗೊತ್ತಿತ್ತು. ತೆಗೆದರೆ ಟೇಪು ಒಂದು ಗೇಣು ಜೋಲುತ್ತದೆ, ಆಚೆಯವನ ಕೈಗೆ ತಿಳಿಯುತ್ತದೆ. ತೆಗೆಯದಿದ್ದರೆ ಹುಡುಗಿಗೆ ಮುಂದಿನ ವಾರ ಇಲ್ಲ. ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದಳು.

ಹುಡುಗಿ ಹಲಗೆಯನ್ನು ಲೇನಿನ ಹಗ್ಗಕ್ಕೆ ಸಿಕ್ಕಿಸಿ, ಟೇಪಿನ ಕೆಳಗೇ ಈಜಿಕೊಂಡು ಇವಳ ಕಡೆಗೆ ಬಂದಳು. ಆತುರವಿರಲಿಲ್ಲ. ಗೋಡೆ ಹಿಡಿದು, ಕನ್ನಡಕ ತೆಗೆದು, ಕಾಲುವೆಯೊಳಗೆ ಮಣಿಕಟ್ಟಿನವರೆಗೂ ಮುಳುಗಿದ್ದ ಇವಳ ಕೈಯನ್ನು ನೋಡಿದಳು. ಅವಳ ರೆಪ್ಪೆಗಳಿಂದ ನೀರು ಇಳಿಯುತ್ತಿತ್ತು. ಕಾಲು ಜಾರಿತು ಎನ್ನಬಹುದಿತ್ತು, ಭುಜ ನೋವು ಎನ್ನಬಹುದಿತ್ತು.

"ಅಕ್ಕ, ಕೊಡಿ. ನಾನು ಹಿಡೀತೀನಿ," ಎಂದಳು ಹುಡುಗಿ, ಮೆಲ್ಲಗೆ, ಆಚೆಯವನಿಗೆ ಕೇಳದಷ್ಟು ಮೆಲ್ಲಗೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಉಂಗುರ ತೆಗೆದುಕೊಂಡಳು. ಆಮೇಲೆ ಗಟ್ಟಿಯಾಗಿ, "ಅಕ್ಕನ ಭುಜ ಹಿಡ್ಕೊಂಡಿದೆ ಸರ್, ಇನ್ನೊಂದ್ಸಲ ನೋಡಿ," ಎಂದು ಕೂಗಿ, ಸೊನ್ನೆಯನ್ನು ಟೈಲಿಗೆ ಒತ್ತಿದಳು. ಅವನು ಮತ್ತೆ ಮಲಗಿ ಓದಿದ. ಐವತ್ತರ ಮೇಲೆ ಒಂದೇ ಸೆಂಟಿಮೀಟರ್, ಸರಿಯಾಗಿದೆ, ನಾನು ಅಂದ್ಕೊಂಡೆ ಎಲ್ಲೋ ಎಡವಟ್ಟಾಗಿದೆ ಅಂತ, ನಿಮ್ಮ ದಾಖಲೆ ಭದ್ರ ಮೇಡಂ, ಎಂದು ಅವನು ಖುಷಿಯಿಂದ ಹೇಳುತ್ತಲೇ ಇದ್ದ. ಹೇಳುತ್ತಾ ಪುಸ್ತಕದಲ್ಲಿ ಬರೆದುಕೊಂಡ.

ಇನ್ನೂ ಏಳು ಲೇನು ಬಾಕಿಯಿತ್ತು. ಹುಡುಗಿ ಟೇಪಿನ ತುದಿಯನ್ನು ತಾನೇ ಹಿಡಿದುಕೊಂಡು ಹಗ್ಗದ ಕೆಳಗೆ ನುಸುಳಿ ಐದನೆಯದಕ್ಕೆ ಹೋದಳು. ಇವಳು ಮಧ್ಯಕ್ಕೆ ಹೋಗಿ ಹಲಗೆ ಹಿಡಿಯಲೋ, ಮೇಲೆ ಹತ್ತಲೋ ತಿಳಿಯದೆ ಗೋಡೆಗೆ ಅಂಟಿಕೊಂಡೇ ಇದ್ದಳು.

"ಅಕ್ಕ," ಎಂದಳು ಹುಡುಗಿ, ಇವಳ ಕಡೆ ನೋಡದೆ, ಸೊನ್ನೆಯನ್ನು ಟೈಲಿಗೆ ಹೊಂದಿಸುತ್ತಾ. "ಮುಂದಿನ್ ವಾರ ನನ್ನ ಟೈಮು ಯಾರು ತಗೋತಾರೆ?"

ಇಲ್ಲಿಯ ಸ್ಪರ್ಧೆಗಳಲ್ಲಿ ಹುಡುಗಿಗೆ ಗಡಿಯಾರ ಹಿಡಿಯುತ್ತಿದ್ದವಳು ಇವಳೇ. ದನಿಯಲ್ಲಿ ಸಿಟ್ಟಿದೆಯೇ, ಚುಚ್ಚುಮಾತೇ ಎಂದು ಅವಳು ಹುಡುಕಿದಳು. ಇಷ್ಟು ವರ್ಷ ಎಲ್ಲರ ದನಿಯಲ್ಲೂ ಹುಡುಕಿ ಪಳಗಿದ ಕಿವಿ. ಏನೂ ಸಿಗಲಿಲ್ಲ. ತಿಳಿದುಕೊಳ್ಳಬೇಕಾಗಿದ್ದನ್ನು ಕೇಳಿದ್ದಳು, ಅಷ್ಟೇ.

"ಬೇರೆ ಯಾರಿಗಾದ್ರೂ ಹೇಳ್ತೀನಿ," ಎಂದಳು.

"ಹ್ಞೂಂ," ಎಂದಳು ಹುಡುಗಿ, ಟೇಪು ಬಿಗಿಯಾಯಿತು.